ಮನೆಯೊಳಗೊಂದು ಹವಳದ ದಿಬ್ಬ: ಮೀನಿನ ಆಯ್ಕೆಗೂ ಮೊದಲು ಮರಳಿನ ಮೂಲ ಕೇಳಬೇಕು

ಬೆಂಗಳೂರು: ನಗರಗಳ ಮನೆಗಳಲ್ಲಿ ಸಿಹಿನೀರಿನ ಮೀನಿನ ತೊಟ್ಟಿಯ ಜಾಗವನ್ನು ಕಡಲ ನೀರಿನ 'ರೀಫ್ ಅಕ್ವೇರಿಯಂ' ನಿಧಾನವಾಗಿ ಆಕ್ರಮಿಸುತ್ತಿದೆ. ನೀಲಿ ಬೆಳಕಿನಲ್ಲಿ ಓಲಾಡುವ ಹವಳ, ಅದರ ನಡುವೆ ನುಸುಳುವ ಕಿತ್ತಳೆ ಬಣ್ಣದ ಕ್ಲೌನ್ ಮೀನು, ತಳದಲ್ಲಿ ಹಾಲುಬಿಳುಪಿನ ಮರಳು. ನೋಡಲು ಚೆಂದವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಹವ್ಯಾಸ ಹರಡುತ್ತಿರುವ ಕಾಲ ಎಂತಹುದು ಎಂಬುದನ್ನೂ ಗಮನಿಸಬೇಕಾಗುತ್ತದೆ.

ಜಗತ್ತಿನ ಹವಳದ ದಿಬ್ಬಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಗೆ ತುತ್ತಾಗಿವೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. 2023ರ ಜನವರಿಯಿಂದ 2025ರ ಮಾರ್ಚ್‌ವರೆಗಿನ ಅವಧಿಯಲ್ಲಿ ಭೂಮಿಯ ಹವಳ ಪ್ರದೇಶದ ಶೇ. 84ರಷ್ಟು ಭಾಗ ಬಿಳಿಚುವಷ್ಟು ಬಿಸಿಯನ್ನು ಅನುಭವಿಸಿತು. ನಮ್ಮ ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರ ಆಘಾತಗಳ ಬಳಿಕ 2024ರಲ್ಲಿ ಮತ್ತೆ ವ್ಯಾಪಕ ಬಿಳಿಚುವಿಕೆ ಕಂಡುಬಂದುದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಾಖಲಿಸಿತು.

ದಿಬ್ಬಗಳ ಮುಖ್ಯ ಶತ್ರು ಕಾದ ಸಮುದ್ರವೇ ಹೊರತು ಮನೆಯ ಗಾಜಿನ ತೊಟ್ಟಿಯಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ನ್ಯಾಯ. ಆದರೆ ಬಿಸಿಯಿಂದ ಬಸವಳಿದ ದಿಬ್ಬದಿಂದ ಒಂದು ಬುಟ್ಟಿ ಬಂಡೆಯನ್ನು ಕಿತ್ತು ತರುವುದಕ್ಕೂ ಆರೋಗ್ಯವಂತ ದಿಬ್ಬದಿಂದ ತರುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಮನೆಯ ತೊಟ್ಟಿಗೆ ಯಾವ ಜೀವಿ, ಯಾವ ತಳಹಾಸು ಎಂಬ ಪ್ರಶ್ನೆ ಇಂದು ಕೇವಲ ಅಲಂಕಾರದ ಪ್ರಶ್ನೆಯಾಗಿ ಉಳಿದಿಲ್ಲ. ಅದು ಕಾಯ್ದೆಯ ಪ್ರಶ್ನೆ, ಜೀವಿಯ ಸ್ವಭಾವದ ಪ್ರಶ್ನೆ, ಕೊನೆಗೆ ಮೂಲದ ಪ್ರಶ್ನೆ.

ಕಾಯ್ದೆ ಏನು ಹೇಳುತ್ತದೆ?

ಹೊರದೇಶಗಳ ಕೈಪಿಡಿಗಳನ್ನು ಓದಿ ತೊಟ್ಟಿ ಕಟ್ಟಲು ಹೊರಡುವವರು ಎಡವುವುದು ಇಲ್ಲೇ. ಅಮೆರಿಕದಲ್ಲೋ ಜರ್ಮನಿಯಲ್ಲೋ ಅಂಗಡಿಯಿಂದ ಮುಕ್ತವಾಗಿ ಕೊಂಡುತರುವ ಅನೇಕ ಜೀವಿಗಳು ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಹಾಗೂ ಕಡಲ ಬೀಸಣಿಗೆಗಳನ್ನು 2001ರಲ್ಲಿಯೇ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿರುವ ಅನುಸೂಚಿಯೇ ಅದು. ಕಡಲ್ಗುದುರೆ, ಸಮುದ್ರ ಸೌತೆ, ಕೆಲವು ದೈತ್ಯ ಕಪ್ಪೆಚಿಪ್ಪುಗಳೂ ಅದೇ ವರ್ಷ ರಕ್ಷಿತ ಪಟ್ಟಿ ಸೇರಿದವು.

ಕಾಯ್ದೆ ರಕ್ಷಿಸುವುದು ಜೀವಂತ ಪ್ರಾಣಿಯನ್ನು ಮಾತ್ರವಲ್ಲ, ಅದರ ಭಾಗಗಳನ್ನೂ. ಸತ್ತು ಬಿಳಿಯಾದ ಹವಳದ ತುಂಡಿಗೂ ಇದು ಅನ್ವಯವಾಗುತ್ತದೆ. 'ಇದು ಸತ್ತದ್ದು, ಕಡಲತೀರದಲ್ಲಿ ಬಿದ್ದಿತ್ತು' ಎಂಬ ಸಮಜಾಯಿಷಿ ಆರೋಪಿಯನ್ನು ಪಾರುಮಾಡದು. ಮೊದಲ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸವಿದ್ದು, 2022ರ ತಿದ್ದುಪಡಿಯ ಬಳಿಕ ದಂಡದ ಕನಿಷ್ಠ ಮೊತ್ತ 25,000 ರೂಪಾಯಿಗೆ ಏರಿದೆ.

ಆಮದಾದ ಹವಳವಾದರೆ ತೊಂದರೆಯಿಲ್ಲ ಎಂಬ ನಂಬಿಕೆಯೂ ಮಾರುಕಟ್ಟೆಯಲ್ಲಿದೆ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ, ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ 'ಸೈಟಿಸ್' ಒಪ್ಪಂದದ ಪಟ್ಟಿಯನ್ನು ಕಾಯ್ದೆಯ ನಾಲ್ಕನೆಯ ಅನುಸೂಚಿಯಾಗಿ ಅಳವಡಿಸಿತು. ಗಟ್ಟಿ ಹವಳಗಳು ಆ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಒಂದೇ ಜೀವಿ ಮೊದಲ ಅನುಸೂಚಿಯಲ್ಲೂ ನಾಲ್ಕನೆಯದರಲ್ಲೂ ಇದ್ದರೆ ಮೊದಲನೆಯದರ ನಿಯಮವೇ ಅನ್ವಯ ಎಂದು ಕಾಯ್ದೆ ಹೇಳುತ್ತದೆ. ಹೀಗಾಗಿ 'ಇಂಡೋನೇಷ್ಯಾದ ಮಾಲು' ಎಂಬ ಮಾತು ಪರವಾನಗಿಗೆ ಬದಲಿಯಾಗದು. ನಾಲ್ಕನೆಯ ಅನುಸೂಚಿಯಲ್ಲಿ ಮಾತ್ರ ಇರುವ ಜೀವಂತ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರದ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಬೇಕು.

ಇದಕ್ಕೂ ಹಿಂದೆ, 2017ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳ ಕುರಿತು ಪ್ರತ್ಯೇಕ ನಿಯಮಗಳನ್ನು ಹೊರಡಿಸಿ 158 ಬಗೆಯ ಜಲಚರಗಳನ್ನು ನಿರ್ಬಂಧಿಸಿತ್ತು. ಕ್ಲೌನ್, ಏಂಜಲ್, ಬಟರ್‌ಫ್ಲೈ ಮೀನುಗಳೂ ಅದರಲ್ಲಿದ್ದವು. ವ್ಯಾಪಾರಿಗಳ ಮತ್ತು ಸಾಕಣೆದಾರರ ತೀವ್ರ ವಿರೋಧದ ಬಳಿಕ ಆ ನಿಯಮಗಳನ್ನು ಹಿಂತೆಗೆದುಕೊಳ್ಳಲಾಯಿತು. ಆದರೆ ಆ ಗದ್ದಲದಿಂದ ಜನರಲ್ಲಿ ಉಳಿದದ್ದು ಗೊಂದಲ. ಕ್ಲೌನ್ ಮೀನು ನಿಷಿದ್ಧವೆಂದು ಇಂದಿಗೂ ಹೆದರುವವರಿದ್ದಾರೆ. ನಿಜವಾಗಿ ನಿಷಿದ್ಧವಾದ ಹವಳದ ತುಂಡನ್ನು ನಿಶ್ಚಿಂತೆಯಿಂದ ಕೊಳ್ಳುವವರೂ ಇದ್ದಾರೆ.

ತಳದ ಮರಳು: ಮೊದಲ ನಿರ್ಧಾರ

ತೊಟ್ಟಿ ಕಟ್ಟುವವರು ಮೀನಿನ ಪಟ್ಟಿ ಹಿಡಿದು ಅಂಗಡಿಗೆ ಹೋಗುವುದು ವಾಡಿಕೆ. ಅನುಕ್ರಮ ತಿರುವುಮುರುವಾಗಬೇಕು. ತಳಹಾಸು ಏನೆಂಬುದು ತೀರ್ಮಾನವಾದ ಮೇಲೆಯೇ ಅದರ ಮೇಲೆ ಯಾರು ಬದುಕಬಲ್ಲರು ಎಂಬುದು ತಿಳಿಯುತ್ತದೆ.

'ಕೋರಲ್ ಸ್ಯಾಂಡ್' ಎಂಬ ಹೆಸರಿನಲ್ಲಿ ಬಿಡಿಯಾಗಿ ತೂಗಿಕೊಡುವ ಮರಳಿನ ಬಗ್ಗೆ ಮೊದಲ ಎಚ್ಚರಿಕೆ ಅಗತ್ಯ. ಅದು ಹವಳವನ್ನೇ ಪುಡಿಮಾಡಿದ್ದಾದರೆ ಮೇಲೆ ಹೇಳಿದ ಕಾಯ್ದೆಯ ತೊಡಕಿಗೆ ಸಿಲುಕುತ್ತದೆ. ಹವಳದ ಮರಳಿನ ಬೆಲೆ ಏನೆಂಬುದನ್ನು ಮನ್ನಾರ್ ಕೊಲ್ಲಿ ನಮಗೆ ಈಗಾಗಲೇ ತೋರಿಸಿದೆ. ಸುಣ್ಣ ಮತ್ತು ಸಿಮೆಂಟ್‌ಗಾಗಿ ಅಲ್ಲಿ ದಶಕಗಳ ಕಾಲ ಹವಳವನ್ನು ಅಗೆಯಲಾಯಿತು. ಅಲೆಗಳನ್ನು ತಡೆಯುತ್ತಿದ್ದ ದಿಬ್ಬ ಕರಗಿದಂತೆ ಅಲ್ಲಿನ 21 ದ್ವೀಪಗಳ ಪೈಕಿ ಪೂವರಸನ್‌ಪಟ್ಟಿ ಮತ್ತು ವಿಲಂಗುಚಲ್ಲಿ ಎಂಬ ಎರಡು ನೀರಿನಡಿ ಸೇರಿದವು.

ಹಾಗಾದರೆ ಬೇರೆ ದಾರಿ ಯಾವುದು? ಸುಣ್ಣದಂಶದ ಮರಳೆಲ್ಲ ಹವಳದಿಂದಲೇ ಬರಬೇಕೆಂದಿಲ್ಲ. ಬಹಾಮಾ ದ್ವೀಪಗಳ ಆಳವಿಲ್ಲದ ಬೆಚ್ಚಗಿನ ನೀರಿನಲ್ಲಿ ಅರಗೊನೈಟ್ ಎಂಬ ಖನಿಜ ಪದರಪದರವಾಗಿ ಕಟ್ಟಿ ಸಣ್ಣ ದುಂಡುಕಾಳುಗಳಾಗುತ್ತದೆ. ಮೂಲವನ್ನು ನಮೂದಿಸಿ ಚೀಲದಲ್ಲಿ ಬರುವ ಇಂತಹ ಮರಳು ದುಬಾರಿಯಾದರೂ ಪ್ರಶ್ನೆಗೆ ಉತ್ತರವುಳ್ಳದ್ದು. ನಮ್ಮ ಕರಾವಳಿಯ ಮರುವಾಯಿ ಚಿಪ್ಪಿನ ಪುಡಿಯೂ ಸುಣ್ಣದಂಶದ್ದೇ. ಆದರೆ ಅದರ ಚೂರುಗಳು ಒರಟು, ಅಂಚು ಹರಿತ, ಸಂದುಗಳಲ್ಲಿ ಕೊಳೆ ನಿಲ್ಲುವುದು ಹೆಚ್ಚು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲು ಒಡೆದ ಚೂಪು ಪುಡಿ. ಮರಳನ್ನು ಬಾಯಲ್ಲಿ ತುಂಬಿ ಕಿವಿರಿನಿಂದ ಸೋಸುವ ಮೀನಿಗೆ ಅದು ಹಿಂಸೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಬಕೆಟ್ ತುಂಬಿಕೊಂಡು ಬರುವ ಯೋಚನೆಯನ್ನೂ ಕೈಬಿಡುವುದು ಲೇಸು. ಆ ಮರಳಿನ ಶುದ್ಧತೆಯ ಬಗ್ಗೆ ಖಾತರಿಯಿಲ್ಲ, ತೀರದ ಮರಳು ಎತ್ತುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳೂ ಇವೆ.

ಸುಣ್ಣದ ಮರಳು ಹಾಕಿದರೆ ನೀರಿನ ಕ್ಷಾರಗುಣ ತಾನಾಗಿ ನಿಲ್ಲುತ್ತದೆ ಎಂಬ ಮಾತನ್ನು ಅಂಗಡಿಗಳಲ್ಲಿ ಕೇಳಬಹುದು. ಇದು ಅರ್ಧಸತ್ಯ. ಹವಳದ ತೊಟ್ಟಿಯ ನೀರಿನ ಪಿಎಚ್ ಸಾಮಾನ್ಯವಾಗಿ 8.1ರಿಂದ 8.3. ಆ ಮಟ್ಟದಲ್ಲಿ ಅರಗೊನೈಟ್ ಬಹುತೇಕ ಕರಗುವುದೇ ಇಲ್ಲ. ಕ್ಷಾರತೆ ಮತ್ತು ಕ್ಯಾಲ್ಸಿಯಂ ಅನ್ನು ಬೇರೆಯಾಗಿಯೇ ಪೂರೈಸಬೇಕು.

ಮರಳಿನ ನಿಜವಾದ ಉಪಯೋಗ ಎರಡು. ತ್ಯಾಜ್ಯವನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳಿಗೆ ಅದು ನೆಲೆ. ತೋಡುವ, ಹೂತುಕೊಳ್ಳುವ ಜೀವಿಗಳಿಗೆ ಅದು ಮನೆ. ಹಾಲಿಕೋರಿಸ್ ಕುಲದ ರ‍್ಯಾಸ್ ಮೀನುಗಳು ಕತ್ತಲಾದೊಡನೆ ಮರಳಿನಲ್ಲಿ ಹೂತು ಮಲಗುತ್ತವೆ. ಅವಕ್ಕೆ ಕನಿಷ್ಠ ಐದು ಸೆಂಟಿಮೀಟರ್ ನಯವಾದ ಮರಳು ಬೇಕು. ಪಿಸ್ತೂಲು ಸಿಗಡಿಯೂ ಅದರ ಕಾವಲುಗಾರ ಗೋಬಿ ಮೀನೂ ಕೂಡಿ ಬಾಳುವ ಬಿಲಕ್ಕೆ ನಯವಾದ ಮರಳಿನ ಜೊತೆ ಸಣ್ಣ ಕಲ್ಲುಚೂರುಗಳೂ ಇರಬೇಕು. ಇಲ್ಲವಾದರೆ ಬಿಲ ಕುಸಿಯುತ್ತದೆ. ಬರಿಯ ಗಾಜಿನ ತಳದ ತೊಟ್ಟಿ ಶುಚಿಗೆ ಸುಲಭ ಎಂಬುದು ನಿಜ. ಆದರೆ ಈ ಜೀವಿಗಳಿಗೆ ಅಲ್ಲಿ ಬಾಳಿಲ್ಲ.

ಸಾಮಾನ್ಯ ಮನೆಗೆ ಮೂರರಿಂದ ಐದು ಸೆಂಟಿಮೀಟರ್ ದಪ್ಪ ಸಾಕು. 90 ಸೆಂಟಿಮೀಟರ್ ಉದ್ದ, 45 ಅಗಲದ ತೊಟ್ಟಿಗೆ ನಾಲ್ಕು ಸೆಂಟಿಮೀಟರ್ ದಪ್ಪದಲ್ಲಿ ಹಾಸಲು ಸುಮಾರು 16 ಲೀಟರ್ ಗಾತ್ರದ, ಅಂದರೆ ಹೆಚ್ಚುಕಡಿಮೆ 24 ಕಿಲೋ ಮರಳು ಬೇಕಾಗುತ್ತದೆ. ಹತ್ತು ಸೆಂಟಿಮೀಟರ್‌ಗೂ ಮೀರಿದ ಆಳದ ಹಾಸು ನೈಟ್ರೇಟ್ ಕಳೆಯಬಲ್ಲದಾದರೂ ಅದನ್ನು ಅನುಭವಿಗಳಿಗೆ ಬಿಡುವುದು ಒಳಿತು. ಕದಡಿದರೆ ಒಳಗಿನ ವಿಷಾನಿಲ ಹೊರಬರುವ ಅಪಾಯವಿದೆ.

ಬಂಡೆಯ ಮಾತೂ ಇದೇ. 'ಲೈವ್ ರಾಕ್' ಎಂದರೆ ಹಳೆಯ ಹವಳದ ಅಸ್ಥಿಪಂಜರ, ಅದರ ಮೇಲೆ ಬೆಳೆದ ಜೀವರಾಶಿ. ಅದರ ಬದಲು ಸಿರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ರಂಧ್ರಮಯ ಬಂಡೆಗಳು ಸಿಗುತ್ತವೆ. ಬ್ಯಾಕ್ಟೀರಿಯಾ ನೆಲೆಸಲು ಅವು ಸಾಕು. ಕೆಲವು ವಾರ ಹೆಚ್ಚು ಕಾಯಬೇಕಷ್ಟೆ. ಬಂಡೆಯನ್ನು ಮರಳಿನ ಮೇಲೆ ಇಡಬಾರದು. ಮೊದಲು ತೊಟ್ಟಿಯ ತಳಕ್ಕೆ ಬಂಡೆ ಭದ್ರವಾಗಿ ಕೂರಬೇಕು, ಆಮೇಲೆ ಸುತ್ತ ಮರಳು ಸುರಿಯಬೇಕು. ಇಲ್ಲದಿದ್ದರೆ ಸಿಗಡಿ ಬುಡ ತೋಡಿದ ದಿನ ಬಂಡೆ ಉರುಳುತ್ತದೆ.

ಯಾರ ಜೊತೆ ಯಾರು?

ಸಿಹಿನೀರಿನ ತೊಟ್ಟಿಯಲ್ಲಿ ಬಣ್ಣ ನೋಡಿ ಮೀನು ಬಿಟ್ಟು ಗೆದ್ದವರುಂಟು. ಹವಳದ ತೊಟ್ಟಿಯಲ್ಲಿ ಆ ಧೋರಣೆ ನಡೆಯದು. ದಿಬ್ಬದ ಮೀನುಗಳು ಅಂಗುಲ ಅಂಗುಲಕ್ಕೂ ಗಡಿ ಕಾಯುವ ಜಾತಿಯವು.

ಅಗ್ಗದ ನೀಲಿ ಡ್ಯಾಮ್ಸೆಲ್ ಮೀನನ್ನು 'ಮೊದಲ ಮೀನು' ಎಂದು ಶಿಫಾರಸು ಮಾಡುವುದು ಹಳೆಯ ರೂಢಿ. ಅದು ಗಟ್ಟಿಮುಟ್ಟು, ಹೌದು. ಆದರೆ ತೊಟ್ಟಿಯ ಒಡೆತನವನ್ನು ಮೊದಲೇ ವಹಿಸಿಕೊಂಡು ಅನಂತರ ಬಂದವರನ್ನೆಲ್ಲ ಕಾಡುತ್ತದೆ. ಬಟರ್‌ಫ್ಲೈ ಮೀನುಗಳಲ್ಲಿ ಅನೇಕ ಹವಳದ ಮೊಗ್ಗುಗಳನ್ನೇ ತಿನ್ನುವಂಥವು. ಟ್ರಿಗರ್ ಮತ್ತು ಪಫರ್ ಮೀನುಗಳು ಸಿಗಡಿ, ಏಡಿ, ಶಂಖಗಳನ್ನು ಒಡೆದು ತಿನ್ನುತ್ತವೆ. ಲಯನ್ ಮೀನಿಗೆ ಬಾಯಲ್ಲಿ ಹಿಡಿಸುವುದೆಲ್ಲವೂ ಆಹಾರ. ಇವು ಕೆಟ್ಟ ಮೀನುಗಳೆಂದಲ್ಲ, ಹವಳದ ತೊಟ್ಟಿಗೆ ಸಲ್ಲದವು.

ಹಸಿವಿನಿಂದ ಸಾಯುವವುಗಳದ್ದು ಇನ್ನೊಂದು ವರ್ಗ. ಮ್ಯಾಂಡರಿನ್ ಮೀನು ದಿನವಿಡೀ ಬಂಡೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಠಿಣಚರ್ಮಿಗಳನ್ನು ಹೆಕ್ಕಿ ಬದುಕುತ್ತದೆ. ಹೊಸ ಸಣ್ಣ ತೊಟ್ಟಿಯಲ್ಲಿ ಕೆಲವೇ ವಾರಗಳಲ್ಲಿ ಆ ಆಹಾರ ಮುಗಿದು ಮೀನು ಬಡಕಲಾಗುತ್ತದೆ. ಮರಳು ಸೋಸುವ ವ್ಯಾಲೆನ್ಸಿಯೆನ್ನಿಯಾ ಗೋಬಿ ಮತ್ತು ಮರಳಿನ ನಕ್ಷತ್ರಮೀನಿನ ಕಥೆಯೂ ಇದೇ. ತಳ ಶುಚಿಯಾಗಿರಲೆಂದು ತಂದು ಬಿಟ್ಟರೆ, ಮರಳಿನ ಜೀವಗಳನ್ನು ಬರಿದು ಮಾಡಿ ಅವೂ ಅಳಿಯುತ್ತವೆ. ಟ್ಯಾಂಗ್ ಮೀನಿನ ಸಮಸ್ಯೆ ಜಾಗದ್ದು. ದಿಬ್ಬದ ಉದ್ದಕ್ಕೂ ಈಜುವ ಮೀನಿಗೆ ಮೂರಡಿಯ ತೊಟ್ಟಿ ಸೆರೆಮನೆ.

200 ಲೀಟರ್ ತೊಟ್ಟಿಗೆ ಹೊಂದುವ ಸಂಸಾರ ಚಿಕ್ಕದು: ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಪಿಸ್ತೂಲು ಸಿಗಡಿಯೊಡನೆ ಒಂದು ಗೋಬಿ, ಒಂದು ಬಂಗಾಯ್ ಕಾರ್ಡಿನಲ್, ಮೇಲೆ ಒಂದು ಕ್ಲೀನರ್ ಸಿಗಡಿ. ತಳ, ನಡು, ಮೇಲ್ಭಾಗ ಎಂದು ಇವು ಜಾಗವನ್ನು ತಾವೇ ಹಂಚಿಕೊಳ್ಳುತ್ತವೆ. ಕ್ಲೌನ್ ಮೀನುಗಳೆಲ್ಲ ಹುಟ್ಟಿನಲ್ಲಿ ಗಂಡು. ಗುಂಪಿನಲ್ಲಿ ಬಲಿಷ್ಠವಾದುದು ಹೆಣ್ಣಾಗುತ್ತದೆ. ಹಾಗಾಗಿ ಎರಡು ಎಳೆಯ ಮೀನು ತಂದರೆ ಜೋಡಿ ತಾನಾಗಿ ಕೂಡಿಕೊಳ್ಳುತ್ತದೆ. ಮೂರನೆಯದನ್ನು ಬಿಟ್ಟರೆ ಅದರ ಪ್ರಾಣಕ್ಕೆ ಸಂಚಕಾರ. ಫೈರ್‌ಫಿಶ್ ಬೆದರಿದರೆ ಹೊರಗೆ ನೆಗೆಯುವುದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಕಡ್ಡಾಯ. ಸೌಮ್ಯ ಮೀನು ಮೊದಲು, ಜಗಳಗಂಟ ಮೀನು ಕೊನೆಗೆ ಎಂಬುದು ಬಿಡುವ ಕ್ರಮ.

ಕ್ಲೌನ್ ಮೀನಿಗೆ ಸಮುದ್ರ ಹೂವು ಇರಲೇಬೇಕೆಂಬ ಭಾವನೆ ಬಲವಾಗಿದೆ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಅದಿಲ್ಲದೆಯೂ ಆರೋಗ್ಯವಾಗಿ ಬಾಳುತ್ತದೆ. ಸಮುದ್ರ ಹೂವು ಜಾಗ ಬದಲಿಸುತ್ತ ಅಲೆಯುವ ಜೀವಿ. ದಾರಿಯಲ್ಲಿ ಸಿಕ್ಕ ಹವಳವನ್ನು ಕುಟುಕುತ್ತದೆ, ಪಂಪಿಗೆ ಸಿಕ್ಕರೆ ಛಿದ್ರವಾಗಿ ಇಡೀ ನೀರನ್ನು ಕೆಡಿಸುತ್ತದೆ.

ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಖರ್ಚಲ್ಲ, ಉಳಿತಾಯ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಬಳಸುವ ತಾಮ್ರದ ಔಷಧ ಸಿಗಡಿ, ಶಂಖ, ಹವಳಗಳಿಗೆ ವಿಷ. ಮುಖ್ಯ ತೊಟ್ಟಿಗೆ ರೋಗ ಬಂದರೆ ಅಲ್ಲಿ ಅದನ್ನು ಬಳಸುವಂತಿಲ್ಲ.

ಶುಚಿಕಾರರ ಪಟ್ಟಿಯಲ್ಲಿ ಅಡಗಿದ ಅಪಾಯ

ಪಾಚಿ ತಿನ್ನಲು, ಕೊಳೆ ಹೆಕ್ಕಲು ಬಿಡುವ ಜೀವಿಗಳ ಪಟ್ಟಿಯಲ್ಲಿ ವಿದೇಶಿ ಕೈಪಿಡಿಗಳು ಸಮುದ್ರ ಸೌತೆಯನ್ನು ಸಲೀಸಾಗಿ ಸೇರಿಸುತ್ತವೆ. ಭಾರತದಲ್ಲಿ ಅದು ರಕ್ಷಿತ ಪ್ರಾಣಿ. ಹಾಗೆಯೇ ಶಿಫಾರಸಾಗುವ ಟ್ರೋಕಸ್ ಶಂಖಗಳಲ್ಲಿ ಟ್ರೋಕಸ್ ನಿಲೋಟಿಕಸ್ ಎಂಬುದು 2001ರಲ್ಲೇ ಕಾಯ್ದೆಯ ಪಟ್ಟಿ ಸೇರಿದ ಜೀವಿ. ಗಾಜು ಉಜ್ಜಲೆಂದು ತಂದ ಶಂಖ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು. ಸಣ್ಣ ಸನ್ಯಾಸಿ ಏಡಿ, ಮರಳಿನಡಿ ಸಂಚರಿಸುವ ನಸ್ಸಾರಿಯಸ್ ಶಂಖಗಳು ಆ ಕೆಲಸಕ್ಕೆ ಸಾಕು.

ನಮ್ಮ ಊರಿನ ನೀರು, ನಮ್ಮ ಊರಿನ ಕರೆಂಟು

ಜೀವಿಯ ಆಯ್ಕೆ ಊರಿನ ಪರಿಸ್ಥಿತಿಯನ್ನೂ ಅವಲಂಬಿಸಿದೆ. ಕೊಳವೆಬಾವಿಯ ನೀರಿನ ಲವಣ, ನೈಟ್ರೇಟ್. ನಲ್ಲಿ ನೀರಿನ ಕ್ಲೋರಿನ್. ಎರಡೂ ತೊಡಕಿನವೇ ಆದ್ದರಿಂದ ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಸೇರಿಸಿ 1.025ರ ಸಾಂದ್ರತೆಗೆ ತರುವುದೇ ಭದ್ರ. ಮಂಗಳೂರು, ಕಾರವಾರದವರಿಗೆ ಕಡಲು ಮನೆಬಾಗಿಲಲ್ಲೇ ಇದೆಯಾದರೂ ಮಳೆಗಾಲದಲ್ಲಿ ನದಿಗಳು ತುಂಬಿ ಹರಿದಾಗ ತೀರದ ನೀರಿನ ಉಪ್ಪಿನಂಶ ಇಳಿಯುತ್ತದೆ, ಕೆಸರೂ ಸೇರುತ್ತದೆ.

ಹವಳಕ್ಕೆ ಒಗ್ಗುವ ಉಷ್ಣತೆ 24ರಿಂದ 27 ಡಿಗ್ರಿ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಮನೆಯಲ್ಲಿ ಶೈತ್ಯಯಂತ್ರವಿಲ್ಲದೆ ಅದು ಅಸಾಧ್ಯ. ಬೆಂಗಳೂರಿನಲ್ಲೂ ಈಚಿನ ಬೇಸಿಗೆಗಳಲ್ಲಿ ಕಷ್ಟ. ವಿದ್ಯುತ್ ಕೈಕೊಟ್ಟರೆ ಮೊದಲು ಕುಸಿಯುವುದು ನೀರಿನ ಆಮ್ಲಜನಕ. ಪಂಪಿಗಾದರೂ ಬ್ಯಾಟರಿ ಬೆಂಬಲ ಇಲ್ಲದವರು ಹವಳದ ತೊಟ್ಟಿಗೆ ಕೈಹಾಕದಿರುವುದು ವಿವೇಕ. ಸಮುದ್ರ ಬಿಸಿಯಾದಾಗ ಲಕ್ಷದ್ವೀಪದಲ್ಲಿ ಆದದ್ದೇ ಮನೆಯ ತೊಟ್ಟಿಯಲ್ಲೂ ಆಗುತ್ತದೆ: ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚುತ್ತದೆ.

ಎಲ್ಲಿಂದ ಬಂದ ಮೀನು?

ಆಗ್ನೇಯ ಏಷ್ಯಾದ ದಿಬ್ಬಗಳಲ್ಲಿ ಅಲಂಕಾರಿಕ ಮೀನನ್ನು ಸಯನೈಡ್ ಸಿಂಪಡಿಸಿ ಹಿಡಿಯುವ ಪದ್ಧತಿ 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಆರಂಭವಾಯಿತು. ವಿಷದಿಂದ ಮೀನು ಮಂಕಾಗುತ್ತದೆ, ಸುತ್ತಲಿನ ಹವಳ ಸಾಯುತ್ತದೆ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಲವಲವಿಕೆಯಿಂದಿದ್ದು ಮನೆಗೆ ಬಂದ ಮೇಲೆ ಕಾರಣ ತಿಳಿಯದೆ ಸಾಯಬಹುದು. ಬಂಗಾಯ್ ಕಾರ್ಡಿನಲ್ ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಮೂಲದ್ದು. ಅಲಂಕಾರಿಕ ವ್ಯಾಪಾರದ ಹಿಡಿತದಿಂದಲೇ ಅಳಿವಿನಂಚಿನ ಪಟ್ಟಿ ಸೇರಿದೆ. ಮೇಲಿನ ಸಂಸಾರದಲ್ಲಿ ಅದಕ್ಕೆ ಜಾಗವಿರುವುದು ತೊಟ್ಟಿಯಲ್ಲಿ ಹುಟ್ಟಿದ ಮರಿಯಾದರೆ ಮಾತ್ರ.

ಸಮಾಧಾನದ ಸಂಗತಿಯೆಂದರೆ ಪರ್ಯಾಯ ನಮ್ಮ ದೇಶದಲ್ಲೇ ಬೆಳೆಯುತ್ತಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಲವು ಬಗೆಯ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಲಕ್ಷದ್ವೀಪದ ಅಗತ್ತಿಯಲ್ಲಿ ಕೇಂದ್ರ ಸ್ಥಾಪಿಸಿ, ಅಲಂಕಾರಿಕ ಸಿಗಡಿ ಸಾಕಣೆಯಲ್ಲಿ ದ್ವೀಪದ ಮಹಿಳೆಯರಿಗೆ ತರಬೇತಿ ನೀಡಿದೆ. ಮಹಾರಾಷ್ಟ್ರದ ಐರೋಳಿಯಲ್ಲೂ ಅದೇ ಸಂಸ್ಥೆಯ ನೆರವಿನಿಂದ ಕ್ಲೌನ್ ಮೀನಿನ ಮರಿ ಕೇಂದ್ರ ತಲೆಯೆತ್ತಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಒಣ ಆಹಾರ ತಿನ್ನುತ್ತದೆ, ಗಾಜಿನ ಗೋಡೆಗೆ ಒಗ್ಗಿರುತ್ತದೆ, ಹೆಚ್ಚು ಕಾಲ ಬದುಕುತ್ತದೆ. ಕೊಳ್ಳುವವನ ಸ್ವಾರ್ಥವೂ ಕಡಲಿನ ಹಿತವೂ ಒಂದಾಗುವ ಅಪರೂಪದ ತಾಣವಿದು.

ಆಗಬೇಕಾದುದೇನು?

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರ್‌ಗೂ ಮಿಕ್ಕಿದ ಕರಾವಳಿಯಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯ ಸುತ್ತ ಹವಳವಿದೆ. ಕಾರವಾರದಲ್ಲಿ ಸಾಗರ ಮೀನುಗಾರಿಕಾ ಸಂಶೋಧನೆಯ ಪ್ರಾದೇಶಿಕ ಕೇಂದ್ರವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಕ್ಲೌನ್ ಮರಿ ಸಾಕಣೆಯನ್ನು ಮೀನುಗಾರ ಮಹಿಳೆಯರ ಸಂಘಗಳಿಗೆ ಉಪಕಸುಬಾಗಿ ಕಲಿಸಲು ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ.

ಅಂಗಡಿಗಳ ವಿಷಯದಲ್ಲಿ ದಾಳಿಗಿಂತ ಮಾಹಿತಿ ಹೆಚ್ಚು ಫಲ ಕೊಡಬಹುದು. ಯಾವ ಜೀವಿ ನಿಷಿದ್ಧ, ಯಾವುದಕ್ಕೆ ನೋಂದಣಿ ಬೇಕು, ಯಾವುದಕ್ಕೆ ಬೇಡ ಎಂಬ ಚಿತ್ರಸಹಿತ ಕನ್ನಡ ಫಲಕವನ್ನು ಪ್ರತಿ ಅಕ್ವೇರಿಯಂ ಅಂಗಡಿಯಲ್ಲಿ ತೂಗುಹಾಕುವಂತೆ ಅರಣ್ಯ ಮತ್ತು ಮೀನುಗಾರಿಕಾ ಇಲಾಖೆಗಳು ಕ್ರಮ ಕೈಗೊಳ್ಳಬೇಕು. ಬಿಲ್ಲಿನಲ್ಲಿ ಮೀನಿನ ಹೆಸರಿನೊಡನೆ 'ಸಾಕಿದ್ದು' ಅಥವಾ 'ಹಿಡಿದದ್ದು' ಎಂಬ ಒಂದು ಪದ ಸೇರಿದರೂ ಅರ್ಧ ಕೆಲಸ ಆದಂತೆ. ಕಾಯ್ದೆ ಕಟ್ಟುನಿಟ್ಟಾಗಿದ್ದು ತಿಳಿವಳಿಕೆ ಇಲ್ಲದಿದ್ದರೆ ಸಿಕ್ಕಿಬೀಳುವವನು ಆಸೆಯಿಂದ ಒಂದು ತುಂಡು ಕೊಂಡ ಗೃಹಸ್ಥ, ತಪ್ಪಿಸಿಕೊಳ್ಳುವವನು ಮೂಟೆಗಟ್ಟಲೆ ಸಾಗಿಸಿದ ದಳ್ಳಾಳಿ.

ಅಲ್ಲಿಯವರೆಗೆ ಹವ್ಯಾಸಿ ತನ್ನ ಮಟ್ಟಿಗೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಬಹುದು. ಈ ಮರಳು ಮತ್ತು ಬಂಡೆ ಯಾವುದರಿಂದ ಆದದ್ದು? ಈ ಜೀವಿಗೆ ದಾಖಲೆ ಇದೆಯೇ? ಈ ಮೀನು ಎಲ್ಲಿ ಹುಟ್ಟಿದ್ದು? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಬರಿಗೈಯಲ್ಲಿ ಹಿಂದಿರುಗುವುದು ಉತ್ತಮ. ಗಟ್ಟಿ ಹವಳವಿಲ್ಲದ ತೊಟ್ಟಿಯಲ್ಲೂ ಕ್ಲೌನ್ ಜೋಡಿ ಮೊಟ್ಟೆಯಿಡುತ್ತದೆ, ಗೋಬಿ ತನ್ನ ಸಿಗಡಿಗೆ ಕಾವಲು ನಿಲ್ಲುತ್ತದೆ. ನೋಡುವ ಕಣ್ಣಿಗೆ ಅಷ್ಟು ಸಾಕು.